ಪಂಪ್‌ಮನೆಯ ಗೋಡೆಯ ಮೇಲಿನ ನಕ್ಷತ್ರ

ಮೇಲಿನ ಮನೆಯ ಮಾವಶಿಗೆ,

ಕೆಳಗಿನ ಮನೆಯ ರೇಣಿಯ ನಮಸ್ಕಾರ.

ಶನಿವಾರ ಮಧ್ಯಾಹ್ನ. ಅಡುಗೆಮನೆಯ ನೆಲದ ಮೇಲೆ, ಫ್ರಿಜ್ಜಿಗೆ ಬೆನ್ನು ಕೊಟ್ಟು ಕೂತು ಬರೆಯುತ್ತಿದ್ದೇನೆ. ನಿಮ್ಮ ಕ್ಯಾಮರಾ ಫ್ರಿಜ್ಜಿನೊಳಗಿದೆ. ಗಾಬರಿಯಾಗಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮೇಲೆ ಕಪ್ಪು ಗವಸು ಹಾಕಿಯೇ ಇಟ್ಟಿದ್ದೇನೆ. ಅದಕ್ಕೆ ಜಾಗ ಮಾಡಲು ಮೊಸರಿನ ಪಾತೇಲಿ, ಕೊತ್ತಂಬರಿ ಕಟ್ಟು, ಹಿಟ್ಟಿನ ಡಬ್ಬಿ ಎಲ್ಲವೂ ಹೊರಗೆ ಬಂದಿವೆ. ಅವ್ವ ಅವುಗಳ ನಡುವೆ ನಿಂತು ಗೊಣಗುತ್ತಿದ್ದಾಳೆ. ನಾಳೆ ಆಕಾಶದ ಚಿತ್ರ ತೆಗೆಯುವ ನಮ್ಮ ಬಳಗದವರು ಈ ವರ್ಷದ ಮೆಚ್ಚಿನ ಚಿತ್ರಗಳನ್ನು ಶಾಲೆಯ ಗೋಡೆಗೆ ಹಾಕುತ್ತಾರೆ. ನಿಮ್ಮ ಜಾಗಕ್ಕೆ ಚಿತ್ರ ಕೊಡಬೇಕಾದವಳು ನಾನು. ಹೋಗಲೋ ಬೇಡವೋ ಎಂದು ಇನ್ನೂ ತೀರ್ಮಾನವಾಗಿಲ್ಲ. ಏಕೆ ಎಂದು ನಿಮಗೆ ಹೇಳಬೇಕು, ಹೇಳಲು ಹೊರಟರೆ ಕಿವಿ ಬಿಸಿಯಾಗುತ್ತದೆ. ತೀರಿಹೋದವರ ಮುಂದೆಯೂ ಇಷ್ಟು ನಾಚಿಕೆಯಾಗುತ್ತದೆಯೇ, ಮಾವಶಿ?

ನೀವು ಮೊದಲ ಸಲ ನಮ್ಮ ಅಂಗಡಿಗೆ ಬಂದದ್ದು ನೆನಪಿದೆಯೇ? ಬಿಬವೇವಾಡಿಯ ಪೇಟೆಯಲ್ಲಿ ಸೀರೆಗೆ ಫಾಲ್ ಹಚ್ಚುವ ನಮ್ಮ ಗೂಡಿನಂಥ ಅಂಗಡಿಗೆ ಎಲ್ಲರೂ ಸೀರೆ ತಂದರೆ ನೀವು ಕಪ್ಪು ಬಟ್ಟೆ ತಂದಿದ್ದಿರಿ. ಮೇಲಿನ ಮನೆಗೆ ಬಾಡಿಗೆಗೆ ಬಂದು ವಾರವೂ ಆಗಿರಲಿಲ್ಲ. ಬೆಳಗಾವಿಯವರು, ಕ್ಯಾಂಪಿನಲ್ಲಿ ಯಾವುದೋ ಆಫೀಸಿನಲ್ಲಿ ಕಾರಕೂನಿಕೆ, ಒಬ್ಬರೇ ಇರುತ್ತಾರೆ ಎಂಬುದಷ್ಟೇ ನಮಗೆ ಗೊತ್ತಿತ್ತು.

"ಎರಡು ಪದರ ಮಾಡಿ ಒಂದು ಚೀಲ ಹೊಲಿ ತಂಗಿ," ಎಂದಿರಿ. "ಸೂಜಿಮೊನಿಯಷ್ಟೂ ಬೆಳಕ ಒಳಗ ಹೋಗಬಾರದು ನೋಡು."

"ಏನರ ಔಷಧ ಇಡ್ತೀರೇನ್ರಿ ಅದರಾಗ?" ಅವ್ವ ಕೇಳಿದಳು.

"ಇಲ್ಲರಿ, ಕ್ಯಾಮರಾಕ್ಕ ಕುಂಚಗಿ."

"ಅಯ್ಯ, ಕ್ಯಾಮರಾಕ್ಕ ಬೆಳಕ ಬೇಕಲ್ರಿ! ಕತ್ತಲಿ ಕಟ್ಟಿಗೊಂಡು ಏನ ಮಾಡ್ತದ ಅದು?"

ನೀವು ಜೋರಾಗಿ ನಕ್ಕಿರಿ. "ಅದು ತಿಳೀಬೇಕಂದ್ರ ನಿಮ್ಮ ಮಗಳ್ನ ನನ್ನ ಜೋಡಿ ಶಿರೂರಿಗೆ ಕಳಸ್ರಿ."

ಅವ್ವ ಕಳಿಸುತ್ತಾಳೆಂದು ನಾನು ಅಂದುಕೊಂಡಿರಲಿಲ್ಲ. ನಾನು ಹೋಗುತ್ತೇನೆಂದಂತೂ ಮೊದಲೇ ಅಂದುಕೊಂಡಿರಲಿಲ್ಲ. ನಾಲ್ಕನೆಯ ತರಗತಿಯವರೆಗೆ ಕನ್ನಡ ಶಾಲೆ, ಆಮೇಲೆ ಮರಾಠಿ ಶಾಲೆಗೆ ಹಾಕಿದರು. ಅಲ್ಲಿ ಬಾಯಿ ಬಿಟ್ಟರೆ ಮಕ್ಕಳು ನಗುತ್ತಿದ್ದರು. ಬಾಯಿ ಬಿಡುವುದನ್ನು ಬಿಟ್ಟೆ. ಮಾತಾಡದ ಹುಡುಗಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಮಾಸ್ತರರಿಗೆ ತಿಳಿಯುವುದು ಹೇಗೆ? ಮುಂದೆ ಶಾಲೆಯೇ ನಿಂತಿತು. ಮರಾಠಿ ಈಗ ನೀರಿನಂತೆ ಬರುತ್ತದೆ, ಆದರೆ ನಾಲ್ಕು ಜನರ ಮುಂದೆ ನಿಂತರೆ ಇಂದಿಗೂ ನಾಲಿಗೆ ಅಂಟಿಕೊಳ್ಳುತ್ತದೆ. ಗಿರಾಕಿಗಳು "ತುಮಚೀ ಮುಲಗೀ ಮುಕೀ ಆಹೇ ಕಾ?" ಎಂದು, ನಿಮ್ಮ ಮಗಳು ಮೂಕಿಯೇ ಎಂದು, ಕೇಳಿದಾಗ ಅವ್ವ ನಗುತ್ತಾಳೆ, ನಾನು ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸುತ್ತೇನೆ. ನೀವು ಮಾತ್ರ ಆ ಪ್ರಶ್ನೆಯನ್ನು ಯಾವತ್ತೂ ಕೇಳಲಿಲ್ಲ.

ಶಿರೂರಿನಾಚೆಯ ಆ ಹೊಲಕ್ಕೆ ಮೊದಲ ಸಲ ಕಾಲಿಟ್ಟಾಗ ನನಗೆ ನಗು ಬಂದಿತ್ತು, ನಿಮಗೆ ಹೇಳಿರಲಿಲ್ಲ. ಬ್ಯಾಂಕಿನವರು, ಮಾಸ್ತರರು, ಹಲ್ಲಿನ ಡಾಕ್ಟರು, ಕಾಲೇಜು ಹುಡುಗರು, ಎಲ್ಲರೂ ಕಿವಿಗೆ ಮಫ್ಲರ್ ಕಟ್ಟಿಕೊಂಡು ಕತ್ತಲಲ್ಲಿ ಪಿಸಪಿಸ ಮಾತಾಡುತ್ತಿದ್ದರು. ಯಾರಾದರೂ ಟಾರ್ಚ್ ಹಚ್ಚಿದರೆ ಸಾಕು, ಎಲ್ಲ ಮೂಲೆಗಳಿಂದ ಒಟ್ಟಿಗೆ "ಶ್‌ಶ್!" ಎಂಬ ಕೂಗು. ಬೆಳಕು ಹಚ್ಚಿದವರಿಗೆ ಶ್‌ಶ್ ಅನ್ನುವ ಜನರನ್ನು ನಾನು ಅಲ್ಲಿಯೇ ಕಂಡದ್ದು. ಆಕಾಶದ ಒಂದೇ ಜಾಗದ ಚಿತ್ರವನ್ನು ಮೇಲಿಂದ ಮೇಲೆ ತೆಗೆದು, ಎಲ್ಲವನ್ನೂ ಒಂದರ ಮೇಲೊಂದು ಕೂರಿಸಿದರೆ ಕಣ್ಣಿಗೆ ಕಾಣದ್ದು ಕಾಣತೊಡಗುತ್ತದೆ ಎಂದು ನೀವು ಕಿವಿಯಲ್ಲಿ ಹೇಳಿದಿರಿ. ಫಾಲ್ ಹೊಲಿಗೆಯೂ ಹಾಗೇ ಅಲ್ಲವೇ ಎಂದುಕೊಂಡೆ. ಒಂದೊಂದು ಟಾಕಿ ಕಾಣುವುದಿಲ್ಲ, ಸೀರೆ ಮಾತ್ರ ನೆಟ್ಟಗೆ ಬೀಳುತ್ತದೆ.

ಕೊನೆಗೆ ಬರುತ್ತಿತ್ತು ನೋಡಿ, ನನ್ನ ಮೆಚ್ಚಿನ ಹೊತ್ತು. ಆಕಾಶದ ಚಿತ್ರಗಳು ಮುಗಿದ ಮೇಲೆ ನೀವು ಲೆನ್ಸಿಗೆ ಮುಚ್ಚಳ ಹಾಕಿ, ಮೇಲೆ ನಾನು ಹೊಲಿದ ಗವಸು ಎಳೆದು, ಕ್ಯಾಮರಾ ಮತ್ತೆ ಅಷ್ಟೇ ಹೊತ್ತಿನ ಚಿತ್ರಗಳನ್ನು ತೆಗೆಯುವಂತೆ ಬಿಡುತ್ತಿದ್ದಿರಿ. ಬರೀ ಕಪ್ಪು. ಬಳಗದವರು ಅದಕ್ಕೆ ಡಾರ್ಕ್ ಎನ್ನುತ್ತಾರೆ.

"ಕಪ್ಪಿಂದು ಚಿತ್ರ ಯಾಕ ಮಾವಶಿ?" ಎಂದು ಕೇಳಿದ್ದೆ. ಬಹುಶಃ ನಾನಾಗಿಯೇ ನಿಮಗೆ ಕೇಳಿದ ಮೊದಲ ಪ್ರಶ್ನೆ.

"ಕ್ಯಾಮರಾಕ್ಕೂ ತನ್ನವ ಅಂತ ಐಬು ಇರ್ತಾವ. ಇಲ್ಲದಲ್ಲಿ ಚುಕ್ಕಿ ತೋರಸ್ತದ. ಕಣ್ಣ ಕಟ್ಟಿ ಕೂಡಿಸಿದ್ರ ಅದರ ಐಬಷ್ಟ ಹೊರಗ ಬರ್ತದ. ಅದನ್ನ ಚಿತ್ರದಾಗಿಂದ ಕಳದ್ರ, ಉಳಿದದ್ದು ಆಕಾಶದ್ದು."

ಆ ಹೊತ್ತಿಗೆ ಕ್ಯಾಮರಾ ಕುರುಡು. ಆದ್ದರಿಂದ ನಮಗೆ ಸ್ವಾತಂತ್ರ್ಯ. ಟಾರ್ಚ್ ಹಚ್ಚಬಹುದು, ಕಾಲು ಚಾಚಬಹುದು, ಜೋರಾಗಿ ನಗಬಹುದು. ನೀವು ಡಬ್ಬಿ ತೆರೆದು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಹರಡಿ, "ಹೂಂ, ಈಗ ಹೇಳು" ಎನ್ನುತ್ತಿದ್ದಿರಿ. ಏನು ಹೇಳು ಎಂದು ಯಾವತ್ತೂ ಹೇಳಲಿಲ್ಲ. ಊರೆಲ್ಲ ಮೂಕಿ ಎಂದುಕೊಂಡಿದ್ದವಳು ಅಲ್ಲಿ ಎಷ್ಟು ಮಾತಾಡಿದ್ದೇನೆ, ಅಲ್ಲವೇ? ಹಗಲಿನಲ್ಲಿ ಅಂಗಡಿಯಲ್ಲಿ ನುಂಗಿಕೊಂಡದ್ದೆಲ್ಲ ಆ ಗವಸಿನ ಪಕ್ಕದಲ್ಲಿ ಹೊರಗೆ ಬರುತ್ತಿತ್ತು. ಚಿತ್ರದ ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆ ಎಂದು ನೀವು ಹಚ್ಚಿಕೊಟ್ಟದ್ದೂ ಅಲ್ಲಿಯೇ. ಆ ನಾಲ್ಕು ಸಾಲೇ ಬೆಳೆದು ಈಗ ಹೀಗೆ ಪತ್ರವಾಗುತ್ತಿದೆ.

ವರ್ಷದ ಕೊನೆಯ ಸಭೆಗಳನ್ನು ನೆನೆದರೆ ಮೊದಲು ನಿಮ್ಮ ಮಾತೇ ಕೇಳಿಸುತ್ತದೆ. ಪ್ರತಿಯೊಬ್ಬರೂ ಆ ವರ್ಷದ ತಮ್ಮ ಮೆಚ್ಚಿನ ಒಂದೇ ಒಂದು ಚಿತ್ರ ಪರದೆಯ ಮೇಲೆ ಹಾಕಿ, ಯಾಕೆ ಮೆಚ್ಚು ಎಂದು ತಮ್ಮ ಬಾಯಿಂದಲೇ ಹೇಳಬೇಕು. ಅದು ಬಳಗದ ಪದ್ಧತಿ. ಒಬ್ಬರು ಸಮುದ್ರದ ಮೇಲಿನ ಆಕಾಶಗಂಗೆ ತಂದರೆ ಇನ್ನೊಬ್ಬರು ಧೂಮಕೇತು ತರುವರು. ನೀವು ಮಾತ್ರ ವರ್ಷ ವರ್ಷ ಕೃತ್ತಿಕೆ. "ಪುನ್ಹಾ ಕೃತ್ತಿಕಾಚ ಕಾ, ಮಾವಶೀ?" ಎಂದು, ಮತ್ತೆ ಕೃತ್ತಿಕೆಯೇ ಏಕೆ ಎಂದು, ಹಿಂದಿನ ಸಾಲಿನಿಂದ ನಿಖಿಲ ಕೂಗುವನು. ಆ ಕಾಲೇಜು ಹುಡುಗನ ಬಾಯಿಗೆ ಬೀಗವಿಲ್ಲ. ನೀವು ತಿರುಗಿ, "ದಿನಾ ಆಯಿಯ ಕೈಯ ಆಮಟಿ ಸಾರು ಉಣ್ಣುವಾಗ ಕೇಳುತ್ತೀಯೇನೋ, ಪುನ್ಹಾ ಆಮಟೀಚ ಕಾ ಎಂದು?" ಎಂದು ಮರಾಠಿಯಲ್ಲಿ ಕುಟುಕಿದರೆ ಸಭೆಯೆಲ್ಲ ನಗು. ಆದರೆ ಮನೆಗೆ ಬರುವಾಗ ರಿಕ್ಷಾದಲ್ಲಿ ನನಗೆ ಮಾತ್ರ ಹೇಳುತ್ತಿದ್ದಿರಿ: "ಚುಕ್ಕಿ ಎಲ್ಲಾರಿಗೂ ಬರ್ತಾವ ರೇಣಿ. ಆ ಚುಕ್ಕಿ ಸುತ್ತ ಧೂಳ ಅದ ನೋಡು, ಕಂದುಬಣ್ಣದ್ದು, ಅದು ಅಂಚಿನ ತನಕಾ ಬರಬೇಕು. ಇನ್ನೂ ಬಂದಿಲ್ಲ." ಹಳೆಯ ವರ್ಷಗಳ ಚಿತ್ರಗಳ ಮೇಲೆ ಹೊಸ ವರ್ಷದ್ದನ್ನು ಕೂರಿಸುತ್ತ, ಕೂರಿಸುತ್ತ...

ಕಳೆದ ಮಳೆಗಾಲದಲ್ಲಿ ಆಸ್ಪತ್ರೆಯ ಕಿಟಕಿಯಿಂದ ನೀವು ಮೋಡ ನೋಡಿ ಬೈದದ್ದು ಕಣ್ಣ ಮುಂದಿದೆ. ನಾನು ಅಳುತ್ತಿದ್ದೆ. "ನೋಡ ರೇಣಿ," ಎಂದಿರಿ, "ಸತ್ತವರು ಚುಕ್ಕಿ ಆಗ್ತಾರಂತ ಹೇಳೂದು ಸಣ್ಣ ಹುಡುಗರಿಗೆ. ನಾ ಏನ ಚುಕ್ಕಿ ಗಿಕ್ಕಿ ಆಗೂದಿಲ್ಲ. ಆಕಾಶ ನೋಡಿ ಅಳಬ್ಯಾಡ, ಫೋಕಸ್ ತಪ್ಪತದ." ಪಕ್ಕದ ಹಾಸಿಗೆಯ ಅಜ್ಜಿ ಕೂಡ ನಕ್ಕಳು. ಬೆಳಗಾವಿಯಿಂದ ಬಂದ ನಿಮ್ಮ ಅಣ್ಣ ಮನೆ ಖಾಲಿ ಮಾಡುವಾಗ ಕ್ಯಾಮರಾ, ಸ್ಟ್ಯಾಂಡ್, ಲ್ಯಾಪ್‌ಟಾಪ್ ಮೂರನ್ನೂ ನನ್ನ ಕೈಯಲ್ಲಿಟ್ಟು, "ನಿನಗಂತ ಹೇಳ್ಯಾಳ" ಎಂದಷ್ಟೇ ಹೇಳಿದರು.

ಈ ಚಳಿಗಾಲದ ಮೊದಲ ಅಮಾವಾಸ್ಯೆಗೆ ನಿಮ್ಮನ್ನು ಬಿಟ್ಟು ಒಬ್ಬಳೇ ಶಿರೂರಿಗೆ ಹೋದೆ. ಅಂದು ಕೈ ಏಕೋ ನಿಮ್ಮದೇ ಇದ್ದಂತಿತ್ತು. ಆಕಾಶದೊಡನೆ ತಿರುಗುವ ಆ ಸ್ಟ್ಯಾಂಡನ್ನು ಧ್ರುವ ನಕ್ಷತ್ರಕ್ಕೆ ಎಷ್ಟು ಚೆನ್ನಾಗಿ ಕೂರಿಸಿದ್ದೆನೆಂದರೆ, ಆಕಾಶ ತಿರುಗುತ್ತಿದ್ದರೂ ಕೃತ್ತಿಕೆ ಚಿತ್ರದಲ್ಲಿ ಒಂದು ಕೂದಲೆಳೆ ಅತ್ತಿತ್ತ ಸರಿಯಲಿಲ್ಲ. ಅಳಲಿಲ್ಲ. ಫೋಕಸ್ ತಪ್ಪಲಿಲ್ಲ. ಆಮೇಲೆ ಗವಸು ಹಾಕುವ ಹೊತ್ತು ಬಂತು. ಬಳಗದವರು ಹೊಲದಂಚಿನ ಪಂಪ್‌ಮನೆಯ ಹತ್ತಿರ ಟಾರ್ಚ್ ಹಚ್ಚಿಕೊಂಡು ಡಬ್ಬಿ ಬಿಚ್ಚಿ ಕೂತರು, ಯಾರದೋ ನಗು ಕೇಳಿಸಿತು. ನನ್ನ ಡಬ್ಬಿಯಲ್ಲಿ ರೊಟ್ಟಿ ಇತ್ತು. ಗವಸು ಕೈಯಲ್ಲಿತ್ತು. ಹಾಕಿದರೆ ಪಕ್ಕದಿಂದ "ಹೂಂ, ಈಗ ಹೇಳು" ಎನ್ನುವವರು ಯಾರು? ಗವಸನ್ನು ಮಡಚಿ ಚೀಲಕ್ಕೆ ತುರುಕಿದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಹಿಂದಿನ ವರ್ಷದ ಕಪ್ಪು ಚಿತ್ರಗಳು ಇದ್ದೇ ಇವೆ, ಅವನ್ನೇ ಕಳೆದರಾಯಿತು ಎಂದುಕೊಂಡೆ. ನಿಮ್ಮ ಕೈಯವು ತಾನೇ, ನನ್ನವಕ್ಕಿಂತ ಒಳ್ಳೆಯವೇ ಇದ್ದಾವು. ಹೊರಡುವ ಮುಂಚೆ ಕ್ಯಾಮರಾ ಬಾಗಿಸಿ ಆ ಪಂಪ್‌ಮನೆಯದೂ ಒಂದು ಚಿತ್ರ ತೆಗೆದೆ. ಆ ಗೋಡೆಗೆ ಒರಗಿ ನೀವು ಕೂರುತ್ತಿದ್ದ ಜಾಗವೆಂದು.

ಮನೆಯಲ್ಲಿ ಚಿತ್ರ ತೆರೆದ ದಿನದ್ದನ್ನು ಹೇಗೆ ಬರೆಯಲಿ? ಲ್ಯಾಪ್‌ಟಾಪಿನ ಇಂಗ್ಲಿಷ್ ನಾನು ಓದಲಾರೆ, ಯಾವ ಗುಂಡಿ ಎಲ್ಲಿದೆ ಎಂದು ನೀವು ತೋರಿಸಿದ್ದಷ್ಟೇ ಗೊತ್ತು. ಕೂರಿಸಿದೆ, ನಿಮ್ಮ ಕಪ್ಪನ್ನು ಕಳೆದೆ. ಕೃತ್ತಿಕೆಯ ಎಡಕ್ಕೆ, ಸ್ವಲ್ಪ ಕೆಳಗೆ, ಒಂದು ಕೆಂಪು ಚುಕ್ಕಿ. ಪುಟ್ಟದು, ಸ್ವಚ್ಛ, ಕುಂಕುಮದ ಹಾಗೆ. ನಿಮ್ಮ ಹಿಂದಿನ ವರ್ಷದ ಚಿತ್ರ ತೆಗೆದು ನೋಡಿದೆ. ಅಲ್ಲಿ ಇಲ್ಲ. ಅದರ ಹಿಂದಿನ ವರ್ಷದ್ದರಲ್ಲೂ ಇಲ್ಲ. ಇದ್ದದ್ದು ಈ ವರ್ಷ ಮಾತ್ರ, ನೀವು ತೀರಿಕೊಂಡ ವರ್ಷ ಮಾತ್ರ. ನೀವು ಕೃತ್ತಿಕೆಯನ್ನಲ್ಲದೆ ಇನ್ನೇನನ್ನೂ ನೋಡಿದವರಲ್ಲ, ನೀವು ಬರುವುದಾದರೆ ಅಲ್ಲಿಗೇ ಅಲ್ಲವೇ? ನೀವು ಆಸ್ಪತ್ರೆಯಲ್ಲಿ ಅಂದದ್ದು ನೆನಪಿತ್ತು ಮಾವಶಿ. ನೆನಪಿದ್ದೂ ಹೀಗೆ ಅಂದುಕೊಂಡೆ. ನಾಚಿಕೆ ಇರುವುದು ಅಲ್ಲಿಯೇ.

"ಖರೇ ಏನ?" ಎಂದಳು ಅವ್ವ. "ಹೊಸಾ ಚುಕ್ಕಿ? ನೀ ಒಬ್ಬಾಕೀನ ನೋಡಿದ್ದ?"

"ಹೂಂ. ಯಾರಿಗೂ ಹೇಳಬ್ಯಾಡ ಈಗ."

ಅವ್ವನಿಗೆ ಯಾರಿಗೂ ಹೇಳಬೇಡ ಎಂದರೆ ಏನಾಗುತ್ತದೆ ಎಂದು ನಿಮಗೆ ಗೊತ್ತಲ್ಲ. ಸಂಜೆಯೊಳಗೆ ಮೂರು ಮಾಳಿಗೆಗೂ ಪೇಢೆ ಹೋಗಿತ್ತು.

ಸಭೆಯ ದಿನ ನನ್ನ ಸರದಿ ಬಂದಾಗ ನಾನೇ ಎದ್ದು ಮುಂದೆ ಹೋದೆ. ನಿಮಗೆ ನಂಬಿಕೆ ಬರುತ್ತದೆಯೇ? ಪ್ರತಿ ವರ್ಷ ನನ್ನ ಮಾತನ್ನೂ ಸೇರಿಸಿ ನೀವೇ ಆಡುತ್ತಿದ್ದಿರಿ. ಈ ಸಲ ಶಾಲೆಯ ಆ ಸಭಾಗೃಹದಲ್ಲಿ ಎಲ್ಲರ ಮುಂದೆ ನಿಂತು, ನಾಲಿಗೆ ಅಂಟಿಕೊಳ್ಳದೆ, ಬೆರಳು ತೋರಿಸಿ ಹೇಳಿದೆ: "ಹಾ ತಾರಾ ನವೀನ ಆಹೇ. ಮಾವಶೀಂನೀ ಪಾಠವಲಾಯ." ಈ ನಕ್ಷತ್ರ ಹೊಸದು, ಮಾವಶಿ ಕಳಿಸಿದ್ದು. ಯಾರೋ ಮೂಗೆಳೆದ ಸದ್ದು. ಆಮೇಲೆ ಚಪ್ಪಾಳೆ ಬಿತ್ತು. ನನ್ನ ಜನ್ಮದಲ್ಲಿ ನನಗೆ ಬಿದ್ದ ಮೊದಲ ಚಪ್ಪಾಳೆ, ಮಾವಶಿ.

ಮುಂದಿನ ಸಾಲಿನಲ್ಲಿದ್ದ ಜೋಗಳೇಕರ ಸರ್ ಮಾತ್ರ ಕನ್ನಡಕ ಒರೆಸುತ್ತಿದ್ದರು. ನಿಮ್ಮೊಡನೆ ಸದಾ ಜಗಳಾಡುತ್ತಿದ್ದ ಅದೇ ನಿವೃತ್ತ ಮಾಸ್ತರರು. ಎದ್ದು ಪರದೆಯ ಹತ್ತಿರ ಬಂದು, ನನಗಷ್ಟೇ ಕೇಳಿಸುವ ಹಾಗೆ, "ಬಾಳ, ಡಾರ್ಕ್ ಕಧೀ ಘೇತಲೇಸ?" ಎಂದರು. ಡಾರ್ಕ್ ಯಾವಾಗ ತೆಗೆದೆ?

ಬಾಯಿ ಅಂಟಿಕೊಂಡಿತು.

"ಅದೇ ದಿನದ್ದಲ್ಲವೇ?"

ಅಲ್ಲವೆಂದು ತಲೆ ಅಲ್ಲಾಡಿಸಿದೆ.

ಅವರು ಅವಸರ ಮಾಡಲಿಲ್ಲ. ಅದೇ ಹೊತ್ತಿನಲ್ಲಿ ತೆಗೆದ ಬೇರೆ ಯಾವುದಾದರೂ ಚಿತ್ರವಿದೆಯೇ ಎಂದು ಕೇಳಿ, ಲ್ಯಾಪ್‌ಟಾಪಿನಲ್ಲಿ ತಾವೇ ಹುಡುಕಿ ತೆರೆದರು. ಪಂಪ್‌ಮನೆ. ಪರದೆಯನ್ನು ಆರಿಸುವುದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಇಡೀ ಸಭೆ ನೋಡಿತು. ಸುಣ್ಣ ಬಿಟ್ಟ ಗೋಡೆ, ಅದರ ಮೇಲೆ ಒಂದು ಮೊಳೆ, ಮೊಳೆಗೆ ತೂಗುಬಿಟ್ಟ ಹಳೆಯ ಹಗ್ಗ. ಹಗ್ಗದ ಪಕ್ಕದಲ್ಲಿ, ಗೋಡೆಯ ಮೇಲೆ, ಅದೇ ಜಾಗದಲ್ಲಿ, ಅದೇ ಕೆಂಪು ನಕ್ಷತ್ರ.

"ಅರೇ! ಪಂಪ್‌ಹೌಸವರ ನವಾ ತಾರಾ!" ನಿಖಿಲನ ಧ್ವನಿ. ಪಂಪ್‌ಮನೆಯ ಮೇಲೆ ಹೊಸ ನಕ್ಷತ್ರ!

ನಕ್ಕರು. ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ, ನನಗೆ ಗೊತ್ತು. ಗೋಡೆಯ ಮೇಲೆ ನಕ್ಷತ್ರ ಕಂಡರೆ ನಗದಿರಲು ಯಾರಿಂದ ಆಗುತ್ತದೆ? ನೀವಿದ್ದಿದ್ದರೆ ಎಲ್ಲರಿಗಿಂತ ಮೊದಲು ನೀವೇ ನಗುತ್ತಿದ್ದಿರಿ. ಆದರೆ ನನ್ನ ಕಿವಿಗೆ ಅದು ಮರಾಠಿ ಶಾಲೆಯ ನಗುವಾಗಿಯೇ ಕೇಳಿಸಿತು. ಹಿಂದಿನ ಸಾಲಿನಲ್ಲಿ ಕೂತಿದ್ದ ಅವ್ವನಿಗೆ ಏನು ನಡೆಯುತ್ತಿದೆ ಎಂದು ತಿಳಿದಿರಲಿಲ್ಲ. ಎಲ್ಲರೂ ನಗುವುದು ಕಂಡು ಸಂಭ್ರಮ ಶುರುವಾಯಿತೆಂದುಕೊಂಡು ಪೇಢೆಯ ಡಬ್ಬಿ ತೆರೆದು ಸಾಲುಸಾಲಾಗಿ ಹಂಚುತ್ತ ಬಂದಳು. ನಗುತ್ತಿದ್ದವರು ಒಬ್ಬೊಬ್ಬರಾಗಿ ನಗು ನಿಲ್ಲಿಸಿ ಪೇಢೆ ತೆಗೆದುಕೊಂಡರು. ಬೇಡ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಅವ್ವ ನನ್ನ ಹತ್ತಿರ ಬಂದು, ಕಣ್ಣು ಅರಳಿಸಿ, "ಎಲ್ಲಾರಿಗೂ ಭಾಳ ಖುಷಿ ಆಗೇದಲ್ಲ?" ಎಂದಳು.

ಅದನ್ನು ನೆನೆದರೆ ಈಗಲೂ...

ಜೋಗಳೇಕರ ಸರ್ ಅಂದೇ ಬಿಡಿಸಿ ಹೇಳಿದ್ದರು, ನನ್ನ ತಲೆಗೆ ಹೋದದ್ದು ಆಮೇಲೆ. ಕ್ಯಾಮರಾಕ್ಕೆ ವಯಸ್ಸಾದಂತೆ ಹೊಸ ಹೊಸ ಐಬುಗಳು ಹುಟ್ಟುತ್ತವೆ. ಈ ಚುಕ್ಕಿ ಹುಟ್ಟಿದ್ದು ನೀವು ಹೋದ ಮೇಲೆ. ನಿಮ್ಮ ಹಳೆಯ ಕಪ್ಪು ಚಿತ್ರಗಳಿಗೆ ಅದರ ಸುದ್ದಿ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಅವು ಕಳೆಯುವುದು ಹೇಗೆ? ಇನ್ನೊಂದು ಮಾತನ್ನೂ ಹೇಳಿದರು. ಸ್ಟ್ಯಾಂಡ್ ಸ್ವಲ್ಪ ಓರೆಯಿದ್ದಿದ್ದರೂ ಆ ಚುಕ್ಕಿ ಎಳೆದುಕೊಂಡು ಗೆರೆಯಾಗುತ್ತಿತ್ತು, ಯಾರು ನೋಡಿದರೂ ಐಬೆಂದು ತಿಳಿಯುತ್ತಿತ್ತು. ನಾನು ಅಷ್ಟು ಚೆನ್ನಾಗಿ ಕೂರಿಸಿದ್ದರಿಂದಲೇ ಅದು ನಕ್ಷತ್ರದ ಹಾಗೆ ಕದಲದೆ ನಿಂತಿತು. ನಿಮ್ಮಿಂದ ಕಲಿತ ಒಂದನ್ನು ಅಷ್ಟು ಚೆನ್ನಾಗಿ ಮಾಡಿ, ಇನ್ನೊಂದನ್ನು ಪೂರ್ತಿ ಬಿಟ್ಟೆ. ಸೂಜಿಮೊನೆಯ ಬೆಳಕೂ ಹೋಗದಂತೆ ಗವಸು ಹೊಲಿದವಳೇ ನಾನಲ್ಲವೇ ಮಾವಶಿ?

ಅಂದಿನಿಂದ ಕ್ಯಾಮರಾ ಅಟ್ಟ ಸೇರಿತು. ಬಳಗದ ಫೋನು ಬಂದರೆ ತೆಗೆಯಲಿಲ್ಲ. ಮನೆಯಲ್ಲಿ ಅವ್ವನಿಗೆ ಎಲ್ಲ ಹೇಳಿದಾಗ ಅವಳು, "ಹೋಗ್ಲಿ ಬಿಡ. ತಿಂದಾರ, ಹೊಳ್ಳಿ ಕೇಳ್ಲಿಕ್ಕೆ ಬರ್ತದೇನ?" ಎಂದಳು. ಅವಳಿಗೆ ಪೇಢೆಯ ಚಿಂತೆ. ನನಗೆ ಪೇಢೆ ತಿಂದವರ ಚಿಂತೆ. ಕೆಳಗಿನ ಕಾಯಿಪಲ್ಯೆಯವಳು ಪ್ರತಿ ಮುಂಜಾನೆ ಮೆಂತ್ಯೆ ಕಟ್ಟು ಕೊಡುತ್ತ, "ಕಾಯ ಗ, ತುಝಾ ತಾರಾ ಕಸಾ ಆಹೇ?" ಎಂದು ಪ್ರೀತಿಯಿಂದ ಕೇಳುತ್ತಾಳೆ. ನಕ್ಷತ್ರ ಹೇಗಿದೆ ಎಂದು, ಮನೆಯ ಕೂಸನ್ನು ಕೇಳಿದಂತೆ. ಏನೆಂದು ಹೇಳಲಿ? ಮೆಂತ್ಯೆಗೆ ಬೇರೆ ಓಣಿಗೆ ಹೋಗತೊಡಗಿದೆ.

ಮೊನ್ನೆ ಜೋಗಳೇಕರ ಸರ್ ಅಂಗಡಿಗೇ ಬಂದರು. ಕೈಯಲ್ಲಿ ಹೆಂಡತಿಯ ಸೀರೆ, ಫಾಲ್ ಹಚ್ಚಬೇಕಂತೆ. ಸೀರೆ ಬಿಚ್ಚಿ ನೋಡಿದೆ. ಫಾಲ್ ಆಗಲೇ ಹಚ್ಚಿತ್ತು. ಅವರಿಗೂ ನಾಚಿಕೆಯಾಯಿತು. ಸ್ಟೂಲಿನ ಮೇಲೆ ಕೂತು ಅವ್ವ ಕೊಟ್ಟ ಚಹಾ ಕುಡಿಯುತ್ತ ಮರಾಠಿಯಲ್ಲಿ ಹೇಳಿದರು: ತಾವು ಪ್ರಾಯದಲ್ಲಿ ಧೂಮಕೇತು ಕಂಡೆನೆಂದು ಪರಿಚಯದವರಿಗೆಲ್ಲ ಸುದ್ದಿ ಮುಟ್ಟಿಸಿದ್ದರಂತೆ, ಕೊನೆಗೆ ಅದು ಲೆನ್ಸಿನಲ್ಲಿ ಬಿದ್ದ ಬೀದಿಕಂಬದ ದೀಪದ ಪ್ರತಿಬಿಂಬವಂತೆ. "ಮಾವಶಿಗೆ ಗೊತ್ತಿತ್ತು. ಜಗಳವಾದಾಗಲೆಲ್ಲ 'ನಿಮ್ಮ ಕಂಬದ ಧೂಮಕೇತು ಏನಂತದೆ?' ಎಂದು ಕೇಳುತ್ತಿದ್ದಳು. ಈಗ ಕೇಳುವವರಿಲ್ಲ." ಚಹಾ ಕೆಳಗಿಟ್ಟರು. "ಭಾನುವಾರ ಗೋಡೆಗೆ ಹಾಕುತ್ತೇವೆ. ಕೃತ್ತಿಕೆ ಇಲ್ಲದ ಗೋಡೆ ನಾವು ಮಾಡಿಯೇ ಇಲ್ಲ. ಜಾಗಾ ಠೇವಲೀಯ." ಜಾಗ ಇಟ್ಟಿದ್ದೇವೆ. ಈಗ ಡಾರ್ಕ್ ತೆಗೆಯುವುದು ಹೇಗೆ, ಕ್ಯಾಮರಾದ ಐಬು ಚಳಿಗೊಂದು ಸೆಕೆಗೊಂದು ಥರ, ಅಂದಿನ ಆ ಚಳಿ ಎಲ್ಲಿಂದ ತರಲಿ ಎಂದು ನಾನು ಗೊಣಗಿದೆ. "ಫ್ರಿಜ್ ಇಲ್ಲವೇ ನಿಮ್ಮಲ್ಲಿ?" ಎಂದರು.

ಹೊರಡುವಾಗ ಇನ್ನೊಂದು ಮಾತು ಹೇಳಿದರು, ನನಗೆ ನಿದ್ದೆ ಕೆಡಿಸಿದ್ದು ಅದೇ. ಬಳಗದವರು ಯಾರ ಯಾವ ಚಿತ್ರ ಮೆಚ್ಚು ಎಂದು ಪರಸ್ಪರ ಕೇಳಿಕೊಂಡಾಗ ಹೆಚ್ಚು ಮಂದಿ ಹೇಳಿದ್ದು ಪಂಪ್‌ಮನೆಯನ್ನಂತೆ. ನಿಖಿಲ ಅದನ್ನು ದೊಡ್ಡದಾಗಿ ಮುದ್ರಿಸಿಯೂ ಇಟ್ಟಿದ್ದಾನಂತೆ. ನೋಡಲು ಬರುವ ಶಾಲೆಯ ಮಕ್ಕಳಿಗೆ ಡಾರ್ಕ್ ಎಂದರೇನು ಎಂದು ಹೇಳಲು ಅದಕ್ಕಿಂತ ಒಳ್ಳೆಯದಿಲ್ಲವಂತೆ. "ಆದರೆ ನೀನು ಹೂಂ ಅಂದರೆ ಮಾತ್ರ," ಎಂದರು. ನನ್ನ ನಾಚಿಕೆಯನ್ನು ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುವುದಕ್ಕೆ ನಾನೇ ಹೂಂ ಅನ್ನಬೇಕಂತೆ. ನೀವಾದರೆ ಏನು ಹೇಳುತ್ತಿದ್ದಿರಿ?

ಅದಕ್ಕೇ ಈ ಫ್ರಿಜ್ಜು, ಈ ಪತ್ರ. ಬೆನ್ನ ಹಿಂದೆ ಕ್ಯಾಮರಾ ಕಟ್ ಎನ್ನುತ್ತದೆ, ಸುಮ್ಮನಾಗುತ್ತದೆ, ಮತ್ತೆ ಕಟ್ ಎನ್ನುತ್ತದೆ. ಬರೆಯುತ್ತ ಬರೆಯುತ್ತ ನಾನು ಬಾಯಿಬಿಟ್ಟು ಮಾತಾಡುತ್ತಿದ್ದೆ ಎಂದು ಅವ್ವ ಕೂಗಿದ ಮೇಲೆಯೇ ತಿಳಿದದ್ದು.

"ಯಾರ ಜೋಡಿ ಮಾತಾಡ್ಲಿಕ್ಕೆ ಹತ್ತೀ?"

"ಮಾವಶಿ ಜೋಡಿ."

"ಫ್ರಿಜ್ಜಿನ್ಯಾಗ ಅದಾರೇನ?" ಅವ್ವ ಪಾತೇಲಿ ಎತ್ತಿ ತೋರಿಸಿದಳು. "ಇದ್ರ ಕೇಳು, ಈ ಮೊಸರು ಹುಳಿ ಆಗೂದ್ರಾಗ ಜಾಗಾ ಬಿಡ್ತಾರೇನಂತ."

ಇಲ್ಲಿಯವರೆಗೆ ಬರೆದು ಎದ್ದಿದ್ದೆ ಮಾವಶಿ. ಈಗ ದೀಪ ಹಚ್ಚುವ ಹೊತ್ತು.

ಕಪ್ಪು ಚಿತ್ರಗಳನ್ನು ತೆರೆದು ದೊಡ್ಡದು ಮಾಡಿ ನೋಡಿದೆ. ಅಲ್ಲಿತ್ತು. ಗವಸಿನೊಳಗೆ, ಮುಚ್ಚಳದ ಹಿಂದೆ, ಮೊಸರಿನ ಜಾಗದಲ್ಲಿ ಕೂತಿದ್ದಾಗಲೂ ಅದೇ ಕೆಂಪು ಚುಕ್ಕಿ. ನಿಮ್ಮದಲ್ಲ, ಆಕಾಶದ್ದಲ್ಲ. ಕಳೆಯುವ ಗುಂಡಿಯ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಕೂತೆ. ಸುಳ್ಳೆಂದು ಗೊತ್ತಿದ್ದೂ ಅಳಿಸಲು ಮನಸ್ಸು ಬರಲಿಲ್ಲ. ಎರಡನೆಯ ಸಲ ನಿಮ್ಮನ್ನು ಕಳಿಸಿಕೊಟ್ಟ ಹಾಗೆ. ಆಮೇಲೆ ಒತ್ತಿದೆ. ಹೋಯಿತು. ಅಳು ಬಂತು. ಫೋಕಸ್ ಅಂದೇ ಆಗಿತ್ತಲ್ಲ, ಇನ್ನು ತಪ್ಪುವಂಥದ್ದೇನಿರಲಿಲ್ಲ.

ಕಣ್ಣು ಒರೆಸಿಕೊಂಡು, ನಿಮ್ಮ ಎಲ್ಲ ವರ್ಷಗಳ ಕೃತ್ತಿಕೆಯ ಮೇಲೆ ಈ ವರ್ಷದ್ದನ್ನು ಕೂರಿಸಿದೆ. ನೀವು ಕೇಳದ ಸುದ್ದಿ ಇದು, ಸರಿಯಾಗಿ ಕೇಳಿಸಿಕೊಳ್ಳಿ: ಧೂಳು ಬಂದಿದೆ. ನೀಲಿ ಮಂಜಿನಾಚೆ, ಕಂದು ಬಣ್ಣದ್ದು, ತೆಳ್ಳಗೆ, ಹಳೆಯ ಧೋತರದ ಹಾಗೆ, ಎಡಗಡೆಯ ಅಂಚಿನವರೆಗೂ ಬಂದಿದೆ. ಆ ಕೆಂಪು ಚುಕ್ಕಿ ಇದ್ದ ಜಾಗದಲ್ಲಿಯೂ ಇರುವುದು ಅದೇ ಧೂಳು. ಬಲಗಡೆ ಇನ್ನೂ ಸ್ವಲ್ಪ ಬಾಕಿ ಇದೆ. "ಇನ್ನೂ ಬಂದಿಲ್ಲ" ಎನ್ನುತ್ತೀರಿ, ಗೊತ್ತು.

ನಿಖಿಲನಿಗೆ ನಾನೇ ಫೋನ್ ಮಾಡಿದೆ. ನನ್ನ ಧ್ವನಿ ಗುರುತು ಸಿಗದೆ ಅವನು ಎರಡು ಸಲ ಯಾರೆಂದು ಕೇಳಿದ. "ಪಂಪ್‌ಹೌಸ್ ಲಾವಾ. ಮಾಝ್ಯಾ ನಾವಾನೇ," ಎಂದೆ. ಹಾಕಿ, ನನ್ನ ಹೆಸರಿನಲ್ಲಿ. ಕೃತ್ತಿಕೆ ನಿಮ್ಮ ಹೆಸರಿನಲ್ಲಿ. ಅವನು ಅಂದು ಕೂಗಿದ್ದಕ್ಕೆ ಏನೋ ಹೇಳಲು ತಡವರಿಸಿದ, ನಾಳೆ ಬರುತ್ತೇನೆ ಎಂದು ನಾನು ಫೋನ್ ಇಟ್ಟೆ. ಕಿವಿ ಇನ್ನೂ ಬಿಸಿಯಾಗಿವೆ. ನಾಳೆ ಮಕ್ಕಳು ಆ ಗೋಡೆಯ ಮೇಲಿನ ನಕ್ಷತ್ರ ನೋಡಿ ನಗುತ್ತಾರೆ. ಅದರ ಪಕ್ಕದಲ್ಲಿ ನಿಂತು, ಅದು ಯಾಕೆ ನಕ್ಷತ್ರವಲ್ಲ ಎಂದು ಹೇಳಬೇಕಾದವಳು ನಾನು. ನಾಲಿಗೆ ಅಂಟಿಕೊಂಡರೆ ಕಪ್ಪು ಗವಸನ್ನು ತೋರಿಸುತ್ತೇನೆ, ಅದನ್ನು ಹೊಲಿದದ್ದು ನಾನು ಎನ್ನುವಷ್ಟಾದರೂ ಬಾಯಿ ಬಂದೀತು.

ಅವ್ವ ನಾಳೆಗೆ ಮತ್ತೆ ಪೇಢೆ ತರುತ್ತಾಳಂತೆ. ಬೇಡವೇ ಬೇಡ ಎಂದೆ.

"ಯಾಕ? ಮಾವಶಿ ಚಿತ್ರ ಹಚ್ಚೂದಿಲ್ಲೇನ ನಾಳೆ?"

"ಹಚ್ತಾರ."

"ಮತ್ತ? ಹೊಸಾ ಚುಕ್ಕಿ ಬಂದ್ರಷ್ಟ ಪೇಢೆ, ಇದ್ದ ಚುಕ್ಕಿಗೆ ಇಲ್ಲೇನ?"

ಪೇಢೆಗೆ ಹೂಂ ಅಂದೆ. ನೀವೂ ಹೂಂ ಅನ್ನುತ್ತಿದ್ದಿರಿ.

ಮುಂದಿನ ಅಮಾವಾಸ್ಯೆಗೆ ಶಿರೂರಿಗೆ ಹೋಗುತ್ತೇನೆ ಮಾವಶಿ. ಬಲಗಡೆಯ ಧೂಳು ಬಾಕಿ ಇದೆಯಲ್ಲ. ಚಿತ್ರ ಮುಗಿದ ಮೇಲೆ ಗವಸು ಹಾಕುತ್ತೇನೆ, ಹಾಕದೆ ಬರುವುದಿಲ್ಲ. ಹಾಕಿ, ನನ್ನ ಡಬ್ಬಿ ತೆಗೆದುಕೊಂಡು, ಪಂಪ್‌ಮನೆಯ ಹತ್ತಿರ ಅವರೆಲ್ಲ ಕೂರುವಲ್ಲಿಗೆ ನಾನಾಗಿಯೇ ನಡೆದುಹೋಗುತ್ತೇನೆ. ಜೋಗಳೇಕರ ಸರ್ ಪಕ್ಕ ಜಾಗವಿದ್ದರೆ ಕೂತು, ಒಂದು ರೊಟ್ಟಿ ಮುರಿದು ಅವರ ಕೈಗೆ ಕೊಟ್ಟು ಕೇಳುತ್ತೇನೆ, ನಿಮ್ಮ ಕಂಬದ ಧೂಮಕೇತು ಏನಂತದೆ ಎಂದು.

ನಿಮ್ಮ,
ರೇಣಿ